ಹನ್ನೆರಡನೆಯ ಬಾಟಲಿ

ಬೈತಖೋಲದ ಇನಾಸನಿಗೆ ಕಪ್ಪು ಬಿಯರೇ ಆಗಬೇಕು,
ಟ್ರಾಲರಿನ ಸುಟ್ಟ ಆಯಿಲ್‌ನಂಥದ್ದು;
ಗ್ಲಾಸಿನಾಚೆ ದೇವಗಡದ ದೀಪ ಕಾಣಬಾರದು.

ನನಗೆ ತೆಳ್ಳಗಿನದು, ಗೋಧಿಯದು,
ಮುಂಜಾನೆ ಇಳಿಸಿದ ಸೇಂದಿಯ ದೂರದ ತಂಗಿ,
ಹುರಿದ ನೊಗ್ಲಿಯ ಜೊತೆ ಜಗಳಕ್ಕೆ ನಿಲ್ಲದ್ದು.
"ಅದು ಮಜ್ಜಿಗೆ ಮಾರಾಯ" ಎನ್ನುತ್ತಾನೆ.

ಹೋದ ಮೇ ತಿಂಗಳು ತಾನೇ ಬೇಯಿಸಿದ,
ಗಂಜಿಯ ತಪ್ಪಲೆಯಲ್ಲಿ ಬಾರ್ಲಿ,
ಹಾಪ್ಸ್ ಸಿಗದೆ ಕಿರಾತಕಡ್ಡಿ.
ನಡುರಾತ್ರಿ ಮಂಚದಡಿ ಹನ್ನೊಂದು ಬಾಟಲಿ ಸಿಡಿದವು.
ನೇವಿಯವರ ತಾಲೀಮು ಎಂದುಕೊಂಡು
ಓಣಿ ಮಗ್ಗುಲು ಬದಲಿಸಿ ಮಲಗಿತು.

ಹನ್ನೆರಡನೆಯದನ್ನು ದಕ್ಕೆಯ ಮೇಲೆ ಕೂತು
ಸ್ಟೀಲ್ ಲೋಟಕ್ಕೆ ಬಗ್ಗಿಸಿದೆವು.
ಜ್ವರದ ಕಷಾಯ, ಸುಳ್ಳು ಯಾಕೆ.
ನೊರೆ ಮಾತ್ರ ನಿಂತೇ ಇತ್ತು,
ಇಬ್ಬರೂ ಅದನ್ನೇ ನೋಡುತ್ತ ಮುಗಿಸಿದೆವು.

ಈ ಸಲ ಮತ್ತೆ ಬಾರ್ಲಿ ತಂದಿದ್ದಾನೆ,
ಮಂಚ ಅಂಗಳಕ್ಕೆ ಬಂದಿದೆ.
ಕಿರಾತಕಡ್ಡಿ ತಂದು ಕೊಟ್ಟವ ನಾನು.