ಕಣ್ಣಿಂದ ಕಣ್ಣಿಗೆ

ಎಪ್ಪತ್ತೆರಡರ ಟ್ರಯಂಫಿನ
ಹಿಂದಿನ ಶಾಕ್ ಅಬ್ಸಾರ್ಬರುಗಳು ಸೋರುತ್ತಿವೆ.
ಶೆಡ್ಡಿನ ಸ್ಲೇಟುಗಲ್ಲಿನ ಮೇಲೆ
ದಿನಾ ಬೆಳಿಗ್ಗೆ ಎರಡು ಎಣ್ಣೆಯ ಬೊಟ್ಟು.
ಹೋದ ಭಾನುವಾರ ಬಾಲಾ ದಾರಿಯ ಇಳಿಜಾರಲ್ಲಿ
ಕುರಿ ದಾಟದಂತೆ ಹಾಸಿದ ಕಬ್ಬಿಣದ ಸರಳುಗಳ ಮೇಲೆ
ನನ್ನ ಹಲ್ಲುಸೆಟ್ಟು ಕಟಕಟ ಅಂದದ್ದು
ಇಡ್ವಲ್‌ಗೆ ಹೆಲ್ಮೆಟ್ಟಿನೊಳಗೂ ಕೇಳಿಸಿತಂತೆ.

ಈಗ ಅಡುಗೆಮನೆ ಮೇಜಿನ ತುಂಬ ಕ್ಯಾಟಲಾಗು.
ಕ್ರೋಮಿನವು ಅಗ್ಗ, ಹೊಳಪಿಗಷ್ಟೇ.
ಗ್ಯಾಸು ತುಂಬಿದವಕ್ಕೆ ನಮ್ಮ ಬಾಯ್ಲರಿನ ಬೆಲೆ.
ಹಳೆಯದನ್ನೇ ಬಿಚ್ಚಿ ಕಟ್ಟಿಕೊಡುವವನೊಬ್ಬ ಡೆನ್ಬಿಯಲ್ಲಿದ್ದ,
ಮಂಡಿ ಹಿಡಿದು ಅಂಗಡಿ ಮುಚ್ಚಿದನಂತೆ.

ಕಣ್ಣಿಂದ ಕಣ್ಣಿಗೆ ಅಳೆಯಬೇಕು ಅನ್ನುತ್ತಾನೆ,
ಬೋಲ್ಟು ತೂರುವ ಮೇಲಿನ ತೂತಿನಿಂದ ಕೆಳಗಿನದಕ್ಕೆ.
ಹದಿಮೂರು ಇಂಚಿಗೆ ಕೂದಲೆಳೆ ಕಡಿಮೆ.
ಅದು ಸುಲಭ.
ಫಾರ್ಮಿನ ಕೊನೆಯಲ್ಲಿ ಎರಡು ಖಾನೆ:
ಸವಾರನ ತೂಕ. ಹಿಂದೆ ಕೂರುವವರ ತೂಕ.

ತನ್ನದನ್ನು ಬರೆದ, ಆರು ಕಿಲೋ ಕದ್ದು.
ನಲವತ್ತೊಂದು ವರ್ಷ ಬೆನ್ನಿಗಂಟಿ ಕೂತವಳನ್ನು
ಅದೊಂದು ಕೇಳಲು ಬಾಯಿ ಬರಲಿಲ್ಲ.

"ಮೆರೆರಿಡ್, ಸುಮ್ಮನೆ ಒಮ್ಮೆ ಹತ್ತಿ ಕೂರು."
ಕೂತೆ. ಏಪ್ರನ್ನಿನಲ್ಲೇ, ಕೈಯೆಲ್ಲ ಹಿಟ್ಟು.
ಆಕ್ಸಲ್ಲಿಂದ ಮಡ್ಗಾರ್ಡಿಗೆ ಟೇಪು ಹಿಡಿದು
ಪೆನ್ಸಿಲಿನಲ್ಲೊಂದು ಗೆರೆ; ಇಳಿಸಿ ಇನ್ನೊಂದು.
"ಏನು ಅಳೀತಿದ್ದೀಯ?"
"ಸ್ಪ್ರಿಂಗು."
ಎರಡು ಗೆರೆಗಳ ನಡುವೆ ನಾನು,
ಎರಡು ಬೆರಳಗಲ.

ರಾತ್ರಿ ಗುಣಿಸಿ ಭಾಗಿಸಿ ಅವನು ಗೊರಕೆಗಿಳಿದ ಮೇಲೆ
ಫಾರ್ಮು ನೋಡಿದೆ.
ಮರ್ಯಾದೆಗೆಂದು ನನ್ನಲ್ಲಿ ಹತ್ತು ಕಿಲೋ ಇಳಿಸಿದ್ದ.
ಒಳ್ಳೆಯವನೇ. ಆದರೆ ಬಾಲಾ ದಾರಿಯ ಸರಳುಗಳು
ಮರ್ಯಾದೆ ನೋಡವು.
ಹೊಡೆದು ಹಾಕಿ, ದಪ್ಪ ಅಂಕಿಯಲ್ಲಿ ನಿಜ ಬರೆದೆ.
ಅವನದನ್ನೂ ತಿದ್ದಿದೆ.