ಇನ್ನೊಮ್ಮೆ ತೆಗೀರಿ

ಅಂಗಿ ಬಿಚ್ಚಿ, ಅಂದೆ.
ಕಮರುದ್ದೀನ ಮುಸ್ಬಾ, ಐವತ್ತೆರಡು.
ಮೊದಲು ಗಡಿಯಾರ ಬಿಚ್ಚಿದರು, ಆಮೇಲೆ ಪೆನ್ನು ತೆಗೆದಿಟ್ಟರು.
ಪಾಸ್‌ಪೋರ್ಟು ಮಾತ್ರ ಮೇಜಿನ ಮೇಲಿಡದೆ
ಹೊಟ್ಟೆಯ ಮೇಲಿಟ್ಟುಕೊಂಡೇ ಮಲಗಿದರು.

ಜೆಲ್ಲಿ ತಣ್ಣಗಿದೆ ಅಂತ ಹೇಳುವುದು ನನ್ನ ಕೆಲಸ,
ಫಾರ್ಮು ತುಂಬುವುದೂ.
ಬೀಡಿ, ಸಿಗರೇಟು?
ದಮ್ಮಾಮಿನಲ್ಲಿ ಮಾತ್ರ.
ಅಲ್ಲಿ ಎಷ್ಟು ವರ್ಷ?
ಇಪ್ಪತ್ತಾರು.

ನಡಿಗೆ?
ಗಲ್ಲೆಯಿಂದ ಗೋದಾಮಿಗೆ, ಗೋದಾಮಿನಿಂದ ಗಲ್ಲೆಗೆ.
ಹೊರಗೆ ನಡೆದರೆ ಚಪ್ಪಲಿ ಕರಗ್ತದೆ ತಂಗಿ,
ಅಂದು ನಕ್ಕರು. ಕಾಗದದ ಮೇಲೆ ಗೆರೆ ಜಿಗಿಯಿತು.
ನಗಬೇಡಿ, ಅಂದೆ.

ಅಲ್ಲಿ ಎಂಟು ಜನರ ರೂಮಿನಲ್ಲಿ
ರಾತ್ರಿ ಹನ್ನೊಂದಕ್ಕೆ ಪರೋಟ, ಡಬ್ಬಿಹಾಲಿನ ಚಹಾ.
ಇಲ್ಲಿ, ರಜೆಯ ನಲವತ್ತು ದಿನಕ್ಕೆ ನಲವತ್ತು ಮನೆ.
ಅಕ್ಕ ಶಯ್ಯೊ ಬಿರಿಯಾನಿಯ ಮೇಲೆ ತುಪ್ಪ ಸುರಿಯುವಾಗ
ಬಟ್ಟಲಿಗೆ ಕೈ ಅಡ್ಡ ಹಿಡಿದರೆ
ಅರಬರ ಊಟ ರುಚಿಸ್ತು, ನಮ್ಮದು ಬೇಡವಾಯ್ತಾ ಅಂತ ಕಣ್ಣು ತುಂಬಿಕೊಳ್ಳುತ್ತಾಳೆ.
ಇದನ್ನು ಯಾವ ಕಾಲಮ್ಮಿಗೆ ಹಾಕಲಿ?

ಮನೆಯಲ್ಲಿ ಯಾರಿಗಾದರೂ ಹೃದಯದ ಕಾಯಿಲೆ?
ಅರ್ಧ ಇಂಚು ಜಾಗ ಬಿಟ್ಟಿದ್ದಾರೆ ಅದಕ್ಕೆ.
ಅಪ್ಪ, ಜೆದ್ದಾದಲ್ಲಿ.
ಅಣ್ಣ, ಮಸ್ಕತ್ತಿನಲ್ಲಿ, ಲಿಫ್ಟಿನೊಳಗೆ. ಲಿಫ್ಟು ಎರಡು ಸಲ ಮೇಲೆ ಕೆಳಗೆ ಹೋಗಿ ಬಂತಂತೆ.
ಚಿಕ್ಕಪ್ಪ ಇಲ್ಲೇ,
ಹೊರಡುವ ಹಿಂದಿನ ರಾತ್ರಿ ಪೆಟ್ಟಿಗೆಗೆ ಹಗ್ಗ ಬಿಗಿಯುತ್ತ.
ಅಂಚಿನಲ್ಲಿ ಬರೆದೆ. ಕಾಗದ ತಿರುಗಿಸಿ ಬರೆದೆ.

ನಮ್ಮ ಹಿರಿಯರು ಹಡಗಿನಲ್ಲಿ ಬಂದವರು, ಅರಬರು,
ಛಾವಣಿ ನೋಡುತ್ತ ಹೇಳಿದರು.
ಕುದುರೆ ತಂದರು ಅನ್ನುತ್ತಾರೆ.
ರಕ್ತದಲ್ಲಿ ಇನ್ನೇನು ತಂದರೋ, ಅದರ ರಸೀದಿ ಯಾರಲ್ಲಿದೆ?
ಅಲ್ಲಿ ನನ್ನನ್ನು ಹಿಂದಿ ಅಂತ ಕರೀತಾರೆ,
ಇಲ್ಲಿ ಬಸ್‌ಸ್ಟ್ಯಾಂಡಿನಲ್ಲಿ ಅರಬ ಅಂತ.
ಊರು ಅನ್ನುವಲ್ಲಿ ನಾನು
ಭಟ್ಕಳ ಅಂತಷ್ಟೇ ಬರೆದೆ.

ನಾಲ್ಕನೇ ಬಟ್ಟಲಿನ ಹತ್ತಿರ ಗೆರೆ ತಗ್ಗಿತ್ತು.
ಹೇಳಲು ನಾನು ಡಾಕ್ಟರಲ್ಲ,
ಆದರೆ ಮುಖ ನನ್ನ ಮಾತು ಕೇಳುವುದಿಲ್ಲ.
ಚೆನ್ನಾಗಿ ಬರಲಿಲ್ಲವಾ? ಇನ್ನೊಮ್ಮೆ ತೆಗೀರಿ.
ಗುರುವಾರ ಟಿಕೆಟ್ಟು, ಅಲ್ಲಿ ಮತ್ತೆ ಮೆಡಿಕಲ್ ಉಂಟು.
ಫೋಟೋ ತೆಗೆಸುವವರ ಹಾಗೆ ಗಡ್ಡ ನೇವರಿಸಿ
ಉಸಿರು ಬಿಗಿ ಹಿಡಿದರು.

ತೆಗೆದೆ.
ಅದೇ ತಗ್ಗು.
ಡಾಕ್ಟರ ಕೋಣೆ ಎಡಕ್ಕೆ, ಅಂದೆ.
ಎರಡೂ ಕಾಗದ ಮಡಚಿ ಪಾಸ್‌ಪೋರ್ಟಿನೊಳಗಿಟ್ಟು
ಬಾಗಿಲಲ್ಲಿ ಒಂದು ಕ್ಷಣ ನಿಂತು
ಎಡಕ್ಕೆ ತಿರುಗಿದರೋ, ಬಲಕ್ಕೋ, ನೋಡಲಿಲ್ಲ ನಾನು.

ಆಮೇಲೆ ಬಂದವಳು ಅಳ್ವೆಕೋಡಿಯ ಮಾಸ್ತಮ್ಮ ಮೊಗೇರ,
ಮೀನುಬುಟ್ಟಿ ಮೆಟ್ಟಿಲ ಮೇಲಿಟ್ಟು.
ಎಂಥಾ ಪರಿಮಳ ಮಾರಾಯ್ತಿ ಇಲ್ಲಿ,
ಮದುವೆಮನೆ ಹಾಂಗೆ!
ರಬ್ಬರು ಬಟ್ಟಲುಗಳಿಗೆ ಅವರೆದೆಯ ಊದಿನ ಅತ್ತರು ಅಂಟಿತ್ತು.
ಸ್ಪಿರಿಟಿನಲ್ಲಿ ಒರೆಸಿದ್ದೆ, ಹೋಗಿರಲಿಲ್ಲ.
ಮಲಗು ಮಾಸ್ತಕ್ಕ,
ಜೆಲ್ಲಿ ತಣ್ಣಗಿದೆ.