ಮೂವತ್ತೇಳನೆಯ ಪುಟ

ಕಿಸುಮು ಪಟ್ಟಣ. ಬೆಸುಗೆ ಅಂಗಡಿಯ ಗೋಡೆಗೆ
ಬೆನ್ನು ಕೊಟ್ಟು ನಿಂತ ತಗಡಿನ ಕೋಣೆ.
ಮೂವರು ಹೆಂಗಸರು, ಎರಡು ಅಚ್ಚು,
ಒಂದೊಂದರಲ್ಲಿ ಎಪ್ಪತ್ತೆರಡು ಸೀಮೆಸುಣ್ಣ.
ಅಪೊಂಡಿ ಜಿಪ್ಸಂ ಕಲಸುತ್ತಾಳೆ, ಗಂಜಿಯ ಹದಕ್ಕೆ.
ಅದೊಂಗೋ ಬಿಸಿಲಿಗೆ ಹರವುತ್ತಾಳೆ.
ಮುದುಕಿ ರೋಸ್‌ಬೆಲ್ಲಾ ಮುರಿದದ್ದನ್ನು ಆರಿಸುತ್ತಾಳೆ,
ಬಾಯೊಳಗೇ ಏನನ್ನೋ ಎಣಿಸುತ್ತ.

ಹೋದ ವರ್ಷ ಕೌಂಟಿ ಕಚೇರಿ ಟೆಂಡರ್ ಕರೆದಿತ್ತು:
ನೂರಾ ಹನ್ನೆರಡು ಶಿಶುಶಾಲೆಗಳಿಗೆ ಸೀಮೆಸುಣ್ಣ,
ಹೆಂಗಸರ ಗುಂಪುಗಳಿಗೇ ಮೀಸಲು.
ತೆರಿಗೆಯ ಪತ್ರ, ನೋಂದಣಿಯ ಪತ್ರ,
ತಾವು ದಿವಾಳಿ ಎದ್ದಿಲ್ಲವೆಂಬ ಪ್ರಮಾಣ,
ಅದಕ್ಕೆ ವಕೀಲರ ಮೊಹರು,
ಮೊಹರಿಗೆ ಎರಡು ಕೋಳಿಯ ಬೆಲೆ.

ಪೆಟ್ಟಿಗೆ ತೆರೆದ ದಿನ
"ಮೂವತ್ತೇಳನೆಯ ಪುಟಕ್ಕೆ ಅಂಕಿ ಇಲ್ಲ"
ಅಂದಳು ಗುಮಾಸ್ತೆ ನ್ಯಾಬೋಕೆ,
ತಾನೇ ತಪ್ಪು ಮಾಡಿದವಳ ಹಾಗೆ ದನಿ ತಗ್ಗಿಸಿ.
ಊರ ಮಕ್ಕಳೆಲ್ಲ ಅಂಕಿ ತಿದ್ದುವ ಕಡ್ಡಿ ಮಾಡುವವರು
ಒಂದು ಅಂಕಿ ಮರೆತಿದ್ದರು.
ಬಸ್ಸಿನಲ್ಲಿ ರೋಸ್‌ಬೆಲ್ಲಾಗೆ ನಗು ತಡೆಯಲಿಲ್ಲ.
ಅಪೊಂಡಿ ಕಿಟಕಿಯ ಕಡೆಗೇ ನೋಡುತ್ತ ಕೂತಳು.

ಈ ಸಲ ಎಲ್ಲಕ್ಕೂ ಅಂಕಿ ಹಾಕಿದರು,
ಹಾಳೆಯ ಖಾಲಿ ಬೆನ್ನಿಗೂ, ರಟ್ಟಿಗೂ.
ಅಪೊಂಡಿಯ ಮಗ ಬೆಕ್ಕನ್ನು ಹಿಡಿದು
ಅದರ ಕರಿ ಬೆನ್ನಿಗೂ ಒಂದು ಬರೆದ.
ಜಗಳವಾದದ್ದು ದರದ ಹತ್ತಿರ:
ಡಬ್ಬಿಗೆ ನಲವತ್ತೈದು ಶಿಲ್ಲಿಂಗ್ ಅಂದರೆ ಸೋಲುತ್ತೇವೆ,
ನಲವತ್ತೊಂದು ಅಂದರೆ ಗೆದ್ದು ಸೋಲುತ್ತೇವೆ.
ನಲವತ್ತಮೂರು ಎಂದು ಗೋಡೆಯ ಮೇಲೆ ಬರೆದು
ರಾತ್ರಿಯಿಡೀ ಹಾಗೇ ಬಿಟ್ಟರು,
ಹಿಟ್ಟು ಉಬ್ಬುತ್ತದೋ ಇಲ್ಲವೋ ನೋಡುವವರ ಹಾಗೆ.

ಗೆದ್ದರು.

ಬಾಡಿಗೆ ಬೈಕಿನ ಬೆನ್ನಿಗೆ ಡಬ್ಬಿಗಳನ್ನು ಬಿಗಿದು
ಶಾಲೆ ಶಾಲೆಗೆ ಮುಟ್ಟಿಸಿ ರಸೀದಿ ತಂದಳು ಅದೊಂಗೋ.
ತೊಂಬತ್ತು ದಿನಕ್ಕೆ ಹಣ ಎಂದಿತ್ತು ಕರಾರು.
ಇವತ್ತು ನೂರ ತೊಂಬತ್ತನೆಯದು.
ಕೈ ಕೆಸರಾದರೆ ಬಾಯಿ ಮೊಸರಂತೆ;
ಇವರ ಕೈಯೇ ಮೊಸರಿನಷ್ಟು ಬೆಳ್ಳಗಿದೆ,
ಬಾಯಿಗಿನ್ನೂ ತಲುಪಿಲ್ಲ.
ಜಿಪ್ಸಂ ಅಂಗಡಿಯ ಓಲೂಚ್ ಕಡ ಕೊಡುವುದು ಬಿಟ್ಟ.
"ಸರ್ಕಾರ ಸಾಯುವುದಿಲ್ಲ, ನಿಮ್ಮ ದುಡ್ಡು ಎಲ್ಲಿ ಹೋದೀತು?"
ಎನ್ನುತ್ತಾಳೆ ನ್ಯಾಬೋಕೆ, ಚಹಾ ಕೊಟ್ಟು.
ಸಾಯದವರಿಗೆ ಅವಸರವಾದರೂ ಯಾಕೆ?

ಮಾರಿದ ಮಾಲು ಆಗಲೇ ಸವೆದಿದೆ.
ಒಂದರಿಂದ ಹತ್ತಾಗಿ, ಮೀನಾಗಿ, ಹಿಪ್ಪೊ ಆಗಿ,
ಅಳಿಸಿ, ಪುಡಿಯಾಗಿ,
ಯಾವುದೋ ಹುಡುಗಿಯ ರೆಪ್ಪೆಯ ಮೇಲೆ ಕೂತು
ಅವಳ ಮನೆ ಸೇರಿ, ತೊಳೆದೂ ಹೋಗಿದೆ.
ಬಿಲ್ಲು ಮಾತ್ರ ಕಡತದೊಳಗೆ
ಕೊಟ್ಟ ದಿನದಷ್ಟೇ ಹೊಸದು.

ಇವತ್ತು ಬೆಳಿಗ್ಗೆ ಮತ್ತೊಂದು ಪ್ರಕಟಣೆ:
ಬೇಕಾಗಿವೆ, ಕರಿಹಲಗೆ ಒರೆಸುವ ಡಸ್ಟರುಗಳು, ಎರಡು ಸಾವಿರ.
ಯಾರೂ ಮಾತಾಡಲಿಲ್ಲ.
ಬೆಸುಗೆಯವನ ಕಿಡಿ ತಗಡಿನ ಸಂದಿಯಿಂದ ಒಳಗೆ ಬಂದು ಆರಿತು.
ಆಮೇಲೆ ರೋಸ್‌ಬೆಲ್ಲಾ ಒಂದು ಬಿಳಿ ಹಾಳೆ ಎಳೆದುಕೊಂಡು,
ಬೇರೇನೂ ಬರೆಯುವ ಮೊದಲು,
ಕೆಳಗಿನ ಮೂಲೆಯಲ್ಲಿ
ಒಂದು ಎಂದು ಬರೆದಳು.